ಅಟ್ಟದ ಮೇಲಿನ ಡಬ್ಬಿ

ಮಕ್ಕಳೇ, ಗೋಡೆಗೆ ತೂತು ಕೊರೆಯುವುದನ್ನು ನೀವು ನೋಡಿರಬಹುದು. ನಲ್ಲಿಯ ಪೈಪು ಒಳಗೆ ಬರಬೇಕಾದರೆ, ಟಿ.ವಿ. ಡಿಶ್ಶಿನ ವೈರು ಬರಬೇಕಾದರೆ ತೂತು ಬೇಕೇ ಬೇಕು. ಪೈಪು ಒಂದು ಇಂಚಿನದಾದರೆ ತೂತು ಮೂರು ಇಂಚಿನದು. ಕೊರೆದವರು ಕೂಲಿ ತೆಗೆದುಕೊಂಡು ಹೋಗುತ್ತಾರೆ. ಉಳಿದ ಎರಡು ಇಂಚು ಇಲಿಗೆ.

ನಮ್ಮ ಮನೆಯಲ್ಲೂ ಹೀಗೇ ಆಯಿತು. ನಮ್ಮದು ಮಲೆನಾಡಿನ ಹಳೆಯ ಹೆಂಚಿನ ಮನೆ. ಒಂದು ಡಿಸೆಂಬರಿನಲ್ಲಿ ಸೋಲಾರ್ ವಾಟರ್ ಹೀಟರ್ ಹಾಕಿಸಿದೆ. ಬಿಸಿನೀರಿನ ಪೈಪು ಬಚ್ಚಲ ಮನೆಯ ಗೋಡೆಯಲ್ಲಿ ತೂರಿ ಒಳಗೆ ಬಂತು. ಅದರ ಸುತ್ತ ಉಳಿದ ಸಂದಿನಲ್ಲಿ ಮಾರನೆಯ ರಾತ್ರಿಯೇ ಇಲಿಯೂ ಬಂತು. ಅಮ್ಮ ಹಳೆಯ ಗೋಣಿಚೀಲದ ತುಂಡನ್ನು ತುರುಕಿದರು. ಇಲಿ ಅದನ್ನು ಎಳೆದು ಬಚ್ಚಲ ಕಲ್ಲಿನ ಮೇಲೆ ಹಾಕಿ ಹೋಯಿತು.

ಪೇಟೆಗೆ ಹೋದಾಗ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. ಅಂಗಡಿಯವರು ಉದ್ದನೆಯ ತಗಡಿನ ಡಬ್ಬಿಯೊಂದನ್ನು ಕೊಟ್ಟರು. “ಫೋಮ್ ಸಾರ್. ಕೊಳವೆ ಸಿಕ್ಕಿಸಿ ಒತ್ತಿದರೆ ಸಾಕು, ಅದೇ ಉಬ್ಬಿ ತೂತು ಮುಚ್ಚುತ್ತೆ” ಎಂದರು. ಡಬ್ಬಿಯ ಮೈತುಂಬ ಇರುವೆಯಂಥ ಅಕ್ಷರಗಳು. ನಾನು ಓದಲಿಲ್ಲ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು ಎಂಬುದನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಪ್ರಯೋಗಶಾಲೆಯಲ್ಲಿ ಬಾಟಲಿ ಮುಟ್ಟುವ ಮೊದಲು ಚೀಟಿ ಓದಿ ಎಂದು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಹೇಳುತ್ತಾ ಬಂದವನು.

ಡಬ್ಬಿ ನೋಡಿ ಅಮ್ಮ, “ಏನೋ ಇದು, ಸೊಳ್ಳೆಗೆ ಹೊಡೆಯೋದಾ?” ಎಂದು ಕೇಳಿದರು.

“ಇಲಿಗೆ ಬಾಗಿಲು ಹಾಕೋದು” ಎಂದೆ.

ನಮ್ಮ ಬಚ್ಚಲಿನಲ್ಲಿ ಒಂದು ಒಲೆಯಿದೆ, ಅದರ ಮೇಲೆ ತಾಮ್ರದ ಹಂಡೆ. ಸೋಲಾರ್ ಬಂದರೂ ಅಮ್ಮ ಹಂಡೆಯನ್ನು ಬಿಟ್ಟಿಲ್ಲ. ಬಿಸಿಲಿನ ನೀರಿಗೆ ಮೈನೋವು ಹೋಗುವುದಿಲ್ಲ ಎಂಬುದು ಅವರ ನಂಬಿಕೆ. ದಿನಕ್ಕೆ ಎರಡು ಸಲ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು ಅಡಿಕೆ ಸಿಪ್ಪೆ ತುಂಬುತ್ತಾರೆ. ಆ ದಿನ ನಾನು ಕೆಲಸಕ್ಕೆ ಹೊರಟಾಗ ಒಲೆಯಲ್ಲಿ ಕೆಂಡವಿತ್ತು. “ಹೊಗೆ ಇದ್ದರೆ ಕಣ್ಣು ಉರಿಯುತ್ತೆ ತಮ್ಮಾ” ಎಂದು ಅಮ್ಮ ತಾವಾಗಿಯೇ ಒಂದು ತಂಬಿಗೆ ನೀರು ಸುರಿದು ಕೆಂಡ ಆರಿಸಿದರು. ಅವರು ಮಾಡಿದ್ದು ಎಷ್ಟು ದೊಡ್ಡ ಉಪಕಾರ ಎಂದು ನನಗೆ ಗೊತ್ತಾಗಲು ಮೂರು ತಿಂಗಳು ಬೇಕಾಯಿತು.

ಕೊಳವೆ ಸಿಕ್ಕಿಸಿ ಒತ್ತಿದೆ. ಹಳದಿ ಬಣ್ಣದ ನೊರೆ ಬುಸ್ಸೆಂದು ಬಂತು. ತೂತು ತುಂಬುವವರೆಗೂ ಬಿಟ್ಟೆ, ಕಾಫಿ ಕುಡಿಯಲು ಒಳಗೆ ಹೋದೆ. ಬಂದು ನೋಡುತ್ತೇನೆ, ಗೋಡೆಯಿಂದ ಹಲಸಿನಕಾಯಿಯಷ್ಟು ದೊಡ್ಡ ಉಂಡೆ ನೇತಾಡುತ್ತಿದೆ! ಹೊರಗಡೆಯೂ ಅಂಥದೇ ಒಂದು. ಗಾಬರಿಯಲ್ಲಿ ಬರಿಗೈಯಿಂದ ಒತ್ತಿ ಒಳಕ್ಕೆ ತಳ್ಳಲು ಹೋದೆ. ಅದು ಅಂಟಿನಂತೆ ಬೆರಳುಗಳಿಗೆಲ್ಲ ಹಿಡಿಯಿತು. ಸೋಪು ಹಾಕಿದೆ, ಹೋಗಲಿಲ್ಲ. ಸೀಮೆಎಣ್ಣೆ ಹಾಕಿದೆ, ಹೋಗಲಿಲ್ಲ. ಅಷ್ಟರಲ್ಲಿ ಅದು ಗಟ್ಟಿಯಾಯಿತು. ಒಂದು ವಾರ ಅಂಗೈ ಕಂದು ಬಣ್ಣದಲ್ಲೇ ಇತ್ತು. ಏಳನೆಯ ದಿನವೂ ತರಗತಿಯಲ್ಲಿ ಒಬ್ಬ ಹುಡುಗ, “ಸಾರ್, ಮದುವೆಗೆ ಹೋಗಿದ್ರಾ? ಮದರಂಗಿ ಹಾಕಿದಾರೆ” ಎಂದ.

ಡಬ್ಬಿಯೊಳಗೆ ಏನಿದೆ? ಮುಖ್ಯವಾಗಿ ಎರಡು. ಒಂದು, ಜೇನಿನಂಥ ಮಂದ ದ್ರವ. ಪಾಲಿಯಾಲ್ ಮತ್ತು ಐಸೊಸಯನೇಟ್ ಎಂಬ ಎರಡು ಬಗೆಯ ರಾಸಾಯನಿಕಗಳನ್ನು ಕಾರ್ಖಾನೆಯಲ್ಲಿ ಅರ್ಧ ಸೇರಿಸಿ, ಅರ್ಧ ಬಿಟ್ಟು ಮಾಡಿದ ದ್ರವ ಅದು. ಅದರ ಅಣುಗಳ ತುದಿಗಳು ಇನ್ನೂ ಕೈಚಾಚಿಕೊಂಡೇ ಇರುತ್ತವೆ. ಯಾರಿಗಾಗಿ? ನೀರಿಗಾಗಿ. ಗಾಳಿಯಲ್ಲಿರುವ ತೇವಾಂಶ ಸಿಕ್ಕರೂ ಸಾಕು, ಐಸೊಸಯನೇಟ್ ನೀರಿನೊಂದಿಗೆ ವರ್ತಿಸಿ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಅದೇ ಹೊತ್ತಿಗೆ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಬಲೆಯಂತಾಗುತ್ತವೆ. ಗುಳ್ಳೆಗಳು ಬಲೆಯೊಳಗೆ ಸಿಕ್ಕಿಬೀಳುತ್ತವೆ, ಬಲೆ ಗಟ್ಟಿಯಾಗುತ್ತದೆ. ಹೀಗೆ ಆದ ಪದಾರ್ಥದ ಹೆಸರು ಪಾಲಿಯುರಿಥೇನ್.

ಇದಕ್ಕೆ ಹೋಲಿಕೆ ಬೇಕಾದರೆ ನಿಮ್ಮ ಅಡಿಗೆ ಮನೆಯಲ್ಲೇ ಇದೆ. ರಾತ್ರಿ ಇಡ್ಲಿ ಹಿಟ್ಟಿನ ಪಾತ್ರೆಗೆ ಹೊರಗಡೆ, ಹಿಟ್ಟು ಇರುವ ಮಟ್ಟಕ್ಕೆ, ಸೀಮೆಸುಣ್ಣದ ಗೆರೆ ಎಳೆದಿಡಿ. ಬೆಳಿಗ್ಗೆ ಹಿಟ್ಟು ಎಲ್ಲಿಗೆ ಬಂದಿದೆ ಎಂದು ಅಳೆಯಿರಿ. ಅಲ್ಲಿ ಸೂಕ್ಷ್ಮಜೀವಿಗಳು ಬಿಟ್ಟ ಕಾರ್ಬನ್ ಡೈಆಕ್ಸೈಡನ್ನು ಉದ್ದಿನ ಲೋಳೆ ಹಿಡಿದಿಟ್ಟುಕೊಂಡಿರುತ್ತದೆ. ಅಮ್ಮ ಎಂದೂ ಪಾತ್ರೆಯ ಕಂಠದವರೆಗೆ ಹಿಟ್ಟು ಹಾಕುವುದಿಲ್ಲ, ಅಲ್ಲವೇ? ತೂತಿಗೂ ಅದೇ ಲೆಕ್ಕ. ಅರ್ಧದಷ್ಟು ತುಂಬಿ, ಉಳಿದರ್ಧವನ್ನು ನೊರೆಗೇ ಬಿಡಬೇಕು. ಒಂದು ಲೀಟರಿಗೂ ಕಡಿಮೆ ಇರುವ ಡಬ್ಬಿಯಿಂದ ಹತ್ತಾರು ಲೀಟರು ನೊರೆ ಬರುತ್ತದೆ. ನೀರು ಬೇಕೆಂದೆನಲ್ಲ, ಒಣ ಹವೆಯಲ್ಲಿ ಗೋಡೆಯ ಸಂದಿಗೆ ಮೊದಲು ಸ್ವಲ್ಪ ನೀರು ಚಿಮುಕಿಸಿದರೆ ಒಳ್ಳೆಯದು. ನಮ್ಮದು ಬಚ್ಚಲು. ಅಲ್ಲಿ ನೀರಿಗೆ ಬರವೇ? ಅದಕ್ಕೇ ಹಲಸಿನಕಾಯಿ.

ಸೋಪು ಏಕೆ ಕೆಲಸ ಮಾಡಲಿಲ್ಲ ಎಂಬುದೂ ಈಗ ನಿಮಗೆ ತಿಳಿದಿರಬೇಕು. ಬಲೆ ಒಮ್ಮೆ ಹೆಣೆದುಕೊಂಡ ಮೇಲೆ ಅದನ್ನು ಕರಗಿಸುವ ದ್ರವ ಮನೆಯಲ್ಲಿ ಯಾವುದೂ ಇಲ್ಲ. ಚರ್ಮವೇ ಸವೆದು ಉದುರಬೇಕು. ಹಸಿಯಾಗಿದ್ದಾಗ ಒಣಬಟ್ಟೆಯಿಂದ ಕೂಡಲೇ ಒರೆಸಿದ್ದರೆ ಬಹುಪಾಲು ಹೋಗುತ್ತಿತ್ತು. ಉಗುರಿನ ಬಣ್ಣ ತೆಗೆಯುವ ಅಸಿಟೋನ್ ಹಸಿ ನೊರೆಯನ್ನು ಕರಗಿಸುತ್ತದೆ, ಆದರೆ ಅದು ಉಪಕರಣ ಒರೆಸುವುದಕ್ಕೆ. ಬೆಂಕಿಗೆ ಬಲುಬೇಗ ಹೊತ್ತಿಕೊಳ್ಳುವ ದ್ರವ ಅದು, ಕಣ್ಣಿನ ಹತ್ತಿರವಂತೂ ತರಬಾರದು. ನನ್ನ ಅದೃಷ್ಟ, ನೊರೆ ಕಣ್ಣಿಗೆ ಹಾರಲಿಲ್ಲ. ಕೈಗವಸು, ಕನ್ನಡಕ, ತೆರೆದ ಕಿಟಕಿ, ಈ ಮೂರೂ ಬೇಕೆಂದು ಡಬ್ಬಿಯ ಮೇಲೆ ಚಿತ್ರ ಸಹಿತ ಬರೆದಿತ್ತು. ಐಸೊಸಯನೇಟಿನ ಆವಿ ಕೆಲವರಿಗೆ ಉಬ್ಬಸ ತರಿಸುತ್ತದೆ. ಆದ್ದರಿಂದ ಇದು ದೊಡ್ಡವರು ಮಾಡುವ ಕೆಲಸ. ನೀವು ಪಕ್ಕದ ಕೋಣೆಯಿಂದ ಚೀಟಿ ಓದಿ ಹೇಳಬಹುದು.

ಎರಡನೆಯ ಪದಾರ್ಥವೇ ನಮ್ಮ ಕತೆಯ ನಿಜವಾದ ನಾಯಕ. ದ್ರವವನ್ನು ಹೊರಕ್ಕೆ ತಳ್ಳಲು ಒಂದು ಅನಿಲ ಬೇಕು. ಸಾಮಾನ್ಯವಾಗಿ ಪ್ರೊಪೇನ್, ಬ್ಯೂಟೇನ್‌ಗಳನ್ನು ಒತ್ತಡದಲ್ಲಿ ದ್ರವ ಮಾಡಿ ತುಂಬಿರುತ್ತಾರೆ. ಇವೇ ನಿಮ್ಮ ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಇರುವುದು. ಅಂದರೆ ನಾನು ಒಲೆಯ ಪಕ್ಕದಲ್ಲಿ ನಿಂತು ಅಡಿಗೆ ಅನಿಲ ಬಿಡುತ್ತಿದ್ದೆ! ಈ ಅನಿಲಗಳು ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಡುತ್ತವೆ. ನಮ್ಮ ಬಚ್ಚಲ ಒಲೆಯ ಬಾಯಿ ಇರುವುದೂ ನೆಲಕ್ಕೆ ಅಂಟಿಕೊಂಡೇ. ಅಮ್ಮ ಒಂದು ತಂಬಿಗೆ ನೀರು ಸುರಿಯದೆ ಇದ್ದಿದ್ದರೆ?

ಆದರೆ ಅದಕ್ಕಿಂತ ದೊಡ್ಡ ತಪ್ಪನ್ನು ನಾನು ಆಮೇಲೆ ಮಾಡಿದೆ. ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. ದುಡ್ಡು ಕೊಟ್ಟದ್ದು, ಎಸೆಯಲು ಮನಸ್ಸು ಬರಲಿಲ್ಲ. ಎಲ್ಲಿ ಇಡುವುದು? ಮಕ್ಕಳ ಕೈಗೆ ಸಿಗಬಾರದು, ತೇವ ಇರಬಾರದು. ಬಹಳ ಯೋಚನೆ ಮಾಡಿ ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ, ತೆಂಗಿನ ಮೊಟ್ಟೆ, ಸೌದೆ ಒಣಗಿಸುವ ಜಾಗದಲ್ಲಿ, ಮಲಗಿಸಿ ಇಟ್ಟೆ. ನಮ್ಮ ಮನೆಯಲ್ಲಿ ಅದಕ್ಕಿಂತ ಒಣ ಜಾಗ ಇನ್ನೊಂದಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಜನವರಿ ಹೋಯಿತು, ಏಪ್ರಿಲ್ ಬಂತು. ಏಳನೆಯ ತರಗತಿ ಮುಗಿಸಿದ ನನ್ನ ಮಗಳಿಗೆ ಬೇಸಿಗೆ ರಜೆ. ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಾಳಿ ಅವಳದು. ಉಪ್ಪಿನಕಾಯಿ ಬಾಟಲಿಯ ಚೀಟಿಯನ್ನೂ ಬಿಡುವುದಿಲ್ಲ. ತೆಂಗಿನ ಮೊಟ್ಟೆ ಇಳಿಸಲು ಏಣಿ ಹತ್ತಿದವಳು ಅಲ್ಲಿಂದಲೇ ಕೂಗಿದಳು.

“ಅಪ್ಪಾ, 50 ಡಿಗ್ರಿ ಅಂದರೆ ಎಷ್ಟು ಬಿಸಿ?”

“ನಾವು ಸ್ನಾನ ಮಾಡುವ ನೀರು 40ರ ಹತ್ತಿರ. ಅದಕ್ಕಿಂತ ಹೆಚ್ಚು. ಯಾಕೆ?”

“ಈ ಡಬ್ಬಿಯನ್ನು 50 ಡಿಗ್ರಿಗಿಂತ ಬಿಸಿ ಇರುವಲ್ಲಿ ಇಡಬಾರದು ಅಂತ ಬರೆದಿದೆ. ನಮ್ಮ ಅಟ್ಟ ಎಷ್ಟು?”

ನನ್ನ ಬಳಿ ಉತ್ತರವಿರಲಿಲ್ಲ. ಡಬ್ಬಿಯನ್ನು ಇಳಿಸಿ ಹೊರಗಡೆ ನೆರಳಿನಲ್ಲಿ ನಿಲ್ಲಿಸಿದೆವು. ಮಾರನೆಯ ದಿನ ಶಾಲೆಯಿಂದ ಪ್ರಯೋಗಶಾಲೆಯ ಥರ್ಮಾಮೀಟರ್ ತಂದೆ. ಡಬ್ಬಿ ಮಲಗಿದ್ದ ಜಾಗದಲ್ಲೇ ಅದನ್ನು ದಾರ ಕಟ್ಟಿ ತೂಗುಹಾಕಿದೆವು. ಬೆಳಿಗ್ಗೆ ಆರು ಗಂಟೆಗೆ, ಒಲೆ ಹಚ್ಚುವ ಮೊದಲು, 24 ಡಿಗ್ರಿ ಸೆಲ್ಸಿಯಸ್. ಅಮ್ಮ ಸಿಪ್ಪೆ ತುಂಬಿ ಅರ್ಧ ಗಂಟೆಯಾದ ಮೇಲೆ 41. ಒಂದು ಗಂಟೆಗೆ 53. ಬೆಂಕಿ ಜೋರಾಗಿದ್ದಾಗ 57. ಮಗಳು ಗ್ರಾಫ್ ಹಾಳೆಯಲ್ಲಿ ಚುಕ್ಕೆಗಳನ್ನು ಇಟ್ಟು ಗೆರೆ ಎಳೆದಳು. 50ರ ಎದುರಿಗೆ ಕೆಂಪು ಪೆನ್ಸಿಲಿನಿಂದ ಇನ್ನೊಂದು ಅಡ್ಡಗೆರೆ. ಅವಳ ಗೆರೆ ಕೆಂಪು ಗೆರೆಯನ್ನು ದಾಟಿ ಮೇಲೆ ಹೋಗಿತ್ತು. ಮೂರು ತಿಂಗಳು, ದಿನಕ್ಕೆ ಎರಡು ಸಲ. ಎಷ್ಟು ಸಲವಾಯಿತು, ನೀವೇ ಲೆಕ್ಕ ಹಾಕಿ. ಅಷ್ಟು ಸಲವೂ ಕೆಳಗೆ ಮಣೆಯ ಮೇಲೆ ಅಮ್ಮ ಕೂತಿದ್ದರು.

50 ಡಿಗ್ರಿಯಲ್ಲಿ ಅಂಥದೇನಿದೆ? ಒಂದು ಖಾಲಿ ಬಾಟಲಿಗೆ ಬಿರಡೆ ಹಾಕಿ 20 ಡಿಗ್ರಿಯಿಂದ 50 ಡಿಗ್ರಿಗೆ ಬಿಸಿಮಾಡಿದಿರಿ ಎಂದುಕೊಳ್ಳೋಣ. ಒಳಗಿನ ಗಾಳಿಯ ಒತ್ತಡ ಸುಮಾರು ಹತ್ತನೆಯ ಒಂದು ಭಾಗದಷ್ಟು ಹೆಚ್ಚುತ್ತದೆ, ಅಷ್ಟೆ. ಆದರೆ ದ್ರವರೂಪದ ಪ್ರೊಪೇನ್ ಅಥವಾ ಬ್ಯೂಟೇನ್ ಇರುವ ಡಬ್ಬಿಯ ನಡತೆಯೇ ಬೇರೆ. ಬಿಸಿಯಾದಂತೆ ದ್ರವದಿಂದ ಹೊಸ ಹೊಸ ಅಣುಗಳು ಎದ್ದು ಆವಿಯಾಗಿ, ಮೊದಲೇ ಇಕ್ಕಟ್ಟಾದ ಜಾಗಕ್ಕೆ ನುಗ್ಗುತ್ತವೆ. ಇದ್ದ ಜನ ಓಡಾಡುವುದು ಬೇರೆ, ತುಂಬಿದ ಬಸ್ಸಿಗೆ ನಿಲ್ದಾಣ ನಿಲ್ದಾಣದಲ್ಲೂ ಜನ ಹತ್ತುವುದು ಬೇರೆ. 20ರಿಂದ 50ಕ್ಕೆ ಹೋಗುವಷ್ಟರಲ್ಲಿ ಈ ಅನಿಲಗಳ ಒತ್ತಡ ಎರಡು ಪಟ್ಟಾಗುತ್ತದೆ, ಕೆಲವದರದು ಇನ್ನೂ ಹೆಚ್ಚು.

“ಅರ್ಧ ಖಾಲಿಯಾಗಿತ್ತಲ್ಲ, ಒತ್ತಡವೂ ಅರ್ಧ ಇರಬೇಕು” ಎಂದು ನಾನು ಸಮಾಧಾನ ಮಾಡಿಕೊಳ್ಳಲು ನೋಡಿದೆ. ನಿಮಗೂ ಹಾಗೆ ಅನ್ನಿಸಿರಬಹುದು. ಅದು ತಪ್ಪು. ಗ್ಯಾಸ್ ಸಿಲಿಂಡರನ್ನು ನೆನಪಿಸಿಕೊಳ್ಳಿ. ಹೊಸ ಸಿಲಿಂಡರಾಗಲಿ, ತಿಂಗಳಾದದ್ದಾಗಲಿ, ಒಲೆಯ ಉರಿ ಒಂದೇ ರೀತಿ ಇರುತ್ತದೆ, ದ್ರವ ಮುಗಿಯುತ್ತಾ ಬಂದಾಗ ಮಾತ್ರ ಇಳಿಯುತ್ತದೆ. ಒಳಗೆ ಸ್ವಲ್ಪ ದ್ರವ ಉಳಿದಿರುವವರೆಗೂ ಒತ್ತಡವನ್ನು ನಿರ್ಧರಿಸುವುದು ಉಷ್ಣತೆ, ಎಷ್ಟು ಉಳಿದಿದೆ ಎಂಬುದಲ್ಲ. ಅರ್ಧ ಡಬ್ಬಿ ತುಂಬಿದ ಡಬ್ಬಿಯಷ್ಟೇ ಅಪಾಯ. ಹಾಗಾದರೆ ಅದು ಒಡೆಯಲಿಲ್ಲವೇಕೆ? ಒತ್ತಡ ಕೊಂಚ ಮೀರಿದರೂ ತಡೆಯುವಂತೆ ತಗಡನ್ನು ಸ್ವಲ್ಪ ಗಟ್ಟಿಯಾಗಿಯೇ ಮಾಡಿರುತ್ತಾರೆ. ಆದರೆ ಹೊಗೆಯಲ್ಲಿ ಮಲಗಿದ್ದ ನಮ್ಮ ಡಬ್ಬಿಯ ತಳದ ಅಂಚಿನಲ್ಲಿ ಬೆರಳುಗುರಿನಷ್ಟು ತುಕ್ಕು ಕಾಣಿಸುತ್ತಿತ್ತು. ಆ ತಗಡು ಇನ್ನೆಷ್ಟು ದಿನ ತಡೆಯುತ್ತಿತ್ತೋ.

ಮಗಳು ಚೀಟಿಯ ಇನ್ನೊಂದು ಸಾಲಿಗೆ ಬೆರಳಿಟ್ಟಳು. ಬಳಸುವಾಗ ತಲೆಕೆಳಗು ಮಾಡಿ ಹಿಡಿಯಿರಿ, ಇಡುವಾಗ ನೆಟ್ಟಗೆ ಇಡಿ. “ಇದೇನು ಹೀಗೆ?” ಎಂದಳು. ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ತಲೆಕೆಳಗು ಮಾಡಿದಾಗ ಮಂದ ದ್ರವ ಬಾಯಿಯ ಹತ್ತಿರ ಬರುತ್ತದೆ, ಆವಿ ಅದರ ಹಿಂದೆ ನಿಂತು ತಳ್ಳುತ್ತದೆ. ನೆಟ್ಟಗೆ ಹಿಡಿದರೆ ಆವಿ ಮಾತ್ರ ತಪ್ಪಿಸಿಕೊಂಡು ಹೋಗಿ, ದ್ರವ ಒಳಗೇ ಉಳಿಯುತ್ತದೆ. ಇಡುವಾಗ ಇದರ ವಿರುದ್ಧ. ಡಬ್ಬಿಯ ಬಾಯಲ್ಲಿರುವ ಕವಾಟದ ಮೂಲಕ ತಿಂಗಳುಗಟ್ಟಲೆ ಅವಧಿಯಲ್ಲಿ ಒಂದಿಷ್ಟು ತೇವಾಂಶ ನುಸುಳಬಹುದು. ದ್ರವ ಅಲ್ಲೇ ನಿಂತಿದ್ದರೆ ಅದಕ್ಕೆ ಬೇಕಾದ ನೀರು ಸಿಕ್ಕಿತು. ಅಲ್ಲೇ ಬಲೆ ಹೆಣೆದು ಬಾಯಿ ಕಟ್ಟಿಬಿಡುತ್ತದೆ.

ನಾನು ಮಲಗಿಸಿ ಇಟ್ಟಿದ್ದೆನಲ್ಲ, ನಮ್ಮ ಡಬ್ಬಿಗೂ ಹಾಗೇ ಆಗಿತ್ತು. ಅಂಗಳದಲ್ಲಿ ಒತ್ತಿ ನೋಡಿದೆ, ಕವಾಟ ಅಲುಗಲಿಲ್ಲ. ಕೊಳವೆಯಂತೂ ಒಳಗೆಲ್ಲ ಕಲ್ಲಾಗಿತ್ತು. ಕೊಳವೆ ಬೇರೆ ಹಾಕಬಹುದು, ಕವಾಟ? ಒಂದು ಮೊಳೆ ಹುಡುಕಿ ತಂದೆ. ಅಮ್ಮ ಜಗಲಿಯಿಂದ ನೋಡುತ್ತಿದ್ದರು.

“ಏನು ಮಾಡ್ತೀಯೋ?”

“ಬಾಯಿ ಕಟ್ಟಿದೆ, ಸ್ವಲ್ಪ ಚುಚ್ಚಿ ಬಿಡಿಸ್ತೀನಿ.”

“ಕುಕ್ಕರಿನ ತೂತು ಕಟ್ಟಿಕೊಂಡು ಒಳಗೆ ಆವಿ ತುಂಬಿದ್ದರೆ ಮೊಳೆ ಹಾಕ್ತೀಯೇನೋ?”

ಅಮ್ಮ ಓದಿರುವುದು ನಾಲ್ಕನೆಯ ತರಗತಿ. ಮೊಳೆ ಕೆಳಗಿಟ್ಟೆ.

ಈಗ ಡಬ್ಬಿಯನ್ನು ಏನು ಮಾಡುವುದು ಎಂಬ ಪ್ರಶ್ನೆ. ಹಳ್ಳಿಯಲ್ಲಿ ಕಸವೆಂದರೆ ಗುಂಡಿಗೆ ಹಾಕಿ ಬೆಂಕಿ ಕೊಡುವುದು. ಈ ಡಬ್ಬಿಯನ್ನು ಅಲ್ಲಿ ಹಾಕಿದರೆ ಏನಾದೀತೆಂದು ಹೇಳಬೇಕಾಗಿಲ್ಲ. ಗಟ್ಟಿಯಾದ ಫೋಮ್ ಕೂಡ ಸುಟ್ಟಾಗ ಕಾರ್ಬನ್ ಮೊನಾಕ್ಸೈಡ್, ಹೈಡ್ರೋಜನ್ ಸಯನೈಡ್‌ನಂಥ ವಿಷಾನಿಲಗಳನ್ನು ಬಿಡುತ್ತದೆ. ಒಲೆಯ ಹತ್ತಿರದ ಸಂದಿಗೆ ಇದನ್ನು ತುಂಬಬಾರದು ಎನ್ನುವುದು ಅದಕ್ಕೇ. ಬಣ್ಣದ ಡಬ್ಬಿ, ಕೀಟನಾಶಕದ ಡಬ್ಬಿ, ಬ್ಯಾಟರಿಯಂಥವನ್ನು ಮನೆಯ ಉಳಿದ ಕಸದೊಂದಿಗೆ ಬೆರೆಸದೆ ಬೇರೆಯಾಗಿ ಕೊಡಬೇಕೆಂದು ನಮ್ಮ ದೇಶದ 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ನಮ್ಮ ಡಬ್ಬಿಯೂ ಆ ಜಾತಿಯದೇ. ದಪ್ಪ ಕಾಗದ ಸುತ್ತಿ, ಮೇಲೆ ‘ಒಳಗೆ ಅನಿಲವಿದೆ, ಚುಚ್ಚಬೇಡಿ, ಸುಡಬೇಡಿ’ ಎಂದು ಮಗಳು ದಪ್ಪಕ್ಷರದಲ್ಲಿ ಬರೆದಳು. ಕಸದ ಗಾಡಿ ಬಂದಾಗ ಅದನ್ನು ಬುಟ್ಟಿಗೆ ಹಾಕದೆ, ಗಾಡಿಯಾಕೆಯ ಕೈಗೇ ಕೊಟ್ಟು ವಿಷಯ ಹೇಳಿದೆ. ಆಕೆ ಅದನ್ನು ಉಳಿದ ಕಸದೊಂದಿಗೆ ಸೇರಿಸದೆ ಮುಂದಿನ ಸೀಟಿನ ಕೆಳಗೆ ನೆಟ್ಟಗೆ ನಿಲ್ಲಿಸಿಕೊಂಡರು. “ನೀವು ಹೇಳಿದ್ದಕ್ಕೆ ಗೊತ್ತಾಯ್ತು. ಹೇಳದೆ ಹಾಕೋರೇ ಜಾಸ್ತಿ ಸಾರ್” ಎಂದರು.

ಇಷ್ಟೆಲ್ಲ ಹೇಳಿದ ಮೇಲೆ ಫೋಮ್ ಕೆಟ್ಟದ್ದು ಎಂದುಕೊಳ್ಳಬೇಡಿ. ಪಾಲಿಯುರಿಥೇನನ್ನು ಮೊದಲು ತಯಾರಿಸಿದವರು ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಕೆಲಸ ಮಾಡುತ್ತಿದ್ದ ಆಟೊ ಬೇಯರ್ ಮತ್ತು ಅವರ ಸಂಗಡಿಗರು, 1937ರಲ್ಲಿ. ಇಂದು ನೀವು ಕೂರುವ ಸೋಫಾದ ಮೆತ್ತೆ, ಬಸ್ಸಿನ ಸೀಟು, ಫ್ರಿಜ್ಜಿನ ಗೋಡೆಯ ಒಳಭಾಗ, ಎಲ್ಲವೂ ಅದರ ಬಂಧುಗಳೇ. ಫ್ರಿಜ್ಜಿನ ತಂಪು ಹೊರಗೆ ಹೋಗದಂತೆ ತಡೆಯುವುದು ಆ ಸಣ್ಣ ಸಣ್ಣ ಗುಳ್ಳೆಗಳು. ಒಂದು ಕಾಲದಲ್ಲಿ ಗುಳ್ಳೆ ಊದಲು ಬಳಸುತ್ತಿದ್ದ ಅನಿಲಗಳು ಓಜೋನ್ ಪದರವನ್ನು ತಿನ್ನುತ್ತಿದ್ದವು. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅವನ್ನು ಒಂದೊಂದಾಗಿ ಬಿಡುತ್ತಾ ಬಂದರು. ಅಂಥ ಒಂದು ರಾಸಾಯನಿಕವಾದ ಎಚ್‌ಸಿಎಫ್‌ಸಿ-141ಬಿ ಯನ್ನು ಭಾರತ 2020ರ ಜನವರಿ 1ರಿಂದ ಪೂರ್ತಿ ನಿಲ್ಲಿಸಿತು. ಬಾಗಿಲು, ಕಿಟಕಿಯ ಚೌಕಟ್ಟಿಗೂ ಗೋಡೆಗೂ ನಡುವೆ ಉಳಿಯುವ ಸಂದಿಗೆ ಡಬ್ಬಿಯ ಫೋಮಿನಷ್ಟು ಸಲೀಸಾದದ್ದು ಬೇರೆ ಇಲ್ಲ. ಒಣಗಿದ ಮೇಲೆ ಚಾಕುವಿನಿಂದ ಕೊಯ್ದು ಬಣ್ಣ ಬಳಿಯಬೇಕು ಅಷ್ಟೆ, ಬಿಸಿಲು ಬಿದ್ದರೆ ಅದು ಕಂದಾಗಿ ಪುಡಿಯಾಗುತ್ತದೆ. ಒಂದೇ ದಿನ ಮುಗಿಯುವಷ್ಟು ಕೆಲಸ ಕೂಡಿಹಾಕಿಕೊಂಡು ಡಬ್ಬಿ ತರುವುದು ಜಾಣತನ. ನಮ್ಮ ಮನೆಯ ಐದು ಕಿಟಕಿಗಳಲ್ಲೂ ಸಂದಿಯಿತ್ತು. ಆ ದಿನವೇ ಅವಕ್ಕೂ ಹಾಕಿದ್ದರೆ ಅಟ್ಟದ ಮಾತೇ ಬರುತ್ತಿರಲಿಲ್ಲ.

ನಿಮ್ಮ ಮನೆಯಲ್ಲೂ ಸೊಳ್ಳೆ, ಜಿರಲೆಗೆ ಹೊಡೆಯುವ ಒತ್ತಡದ ಡಬ್ಬಿಗಳು ಇರಬಹುದು. ಅವನ್ನು ಎಲ್ಲಿಟ್ಟಿದ್ದಾರೆ ನೋಡಿ. ಒಲೆಯ ಮೇಲಿನ ಗೂಡೇ, ಬಿಸಿಲು ಬೀಳುವ ಕಿಟಕಿಯೇ, ತಗಡಿನ ಚಾವಣಿಯ ಕೆಳಗೇ? ದೊಡ್ಡವರಿಗೆ ಹೇಳಿ ಡಬ್ಬಿಯನ್ನು ಮೊದಲು ಅಲ್ಲಿಂದ ತೆಗೆಸಿ. ಆಮೇಲೆ ನಿಮ್ಮ ವಿಜ್ಞಾನದ ಮೇಷ್ಟ್ರನ್ನು ಕೇಳಿ ಥರ್ಮಾಮೀಟರ್ ತಂದು, ಆ ಜಾಗದ ಉಷ್ಣತೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬರೆದಿಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು, ಅದರ ಗೆರೆಗಳು 42 ಡಿಗ್ರಿಗೇ ಮುಗಿಯುತ್ತವೆ.

ಇಲಿಯ ಕತೆ ಏನಾಯಿತು ಎಂದು ಕೇಳುತ್ತೀರಿ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು. ಒಂದು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆಲ್ಲ ಹಳದಿ ಹರಳು. ಪೈಪಿನ ಪಕ್ಕದಲ್ಲಿ, ನನ್ನ ಫೋಮಿನ ನಡುವೆ, ದುಂಡಗಿನ ಅಚ್ಚುಕಟ್ಟಾದ ಒಂದು ಸುರಂಗ. ಇಲಿಯ ಹಲ್ಲಿಗೆ ಫೋಮ್ ಲೆಕ್ಕವೇ ಇಲ್ಲವಂತೆ. ಅಮ್ಮ ಗುಡಿಸುತ್ತಾ, “ನಿನ್ನ ಡಬ್ಬಿ ಇಲಿಗೆ ತಿಂಡಿಯಾಯ್ತು ನೋಡು” ಎಂದರು. ಮೇಸ್ತ್ರಿ ಬಂದು ಕಬ್ಬಿಣದ ಜಾಳಿಗೆ ತುರುಕಿ ಮೇಲೆ ಸಿಮೆಂಟು ಮೆತ್ತಿದರು. ಅರ್ಧ ಗಂಟೆಯ ಕೆಲಸ. ಮಗಳ ಗ್ರಾಫ್ ಹಾಳೆ ಮಾತ್ರ ಇನ್ನೂ ಬಚ್ಚಲ ಬಾಗಿಲ ಹಿಂದೆ ಇದೆ. ಹೊಗೆ ಹಿಡಿದು ಅರ್ಧ ಕಪ್ಪಾಗಿದೆ, ಕೆಂಪು ಗೆರೆ ಕಾಣುತ್ತದೆ.